ಬೆಳೆಯ ವರ್ತುಲಗಳೂ ಶ್ರದ್ಧೆಯ ಪರೀಕ್ಷೆಯೂ

ದಕ್ಷಿಣ ಇಂಗ್ಲೆಂಡಿನ ವಿಲ್ಟ್‌ಷೈರ್ ಮತ್ತು ಹ್ಯಾಂಪ್‌ಷೈರ್ ಪ್ರಾಂತಗಳ ಗೋಧಿಯ ಹೊಲಗಳಲ್ಲಿ ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಒಂದು ವಿಚಿತ್ರ ಕಾಣಿಸಿಕೊಂಡಿತು. ಕೊಯ್ಲಿಗೆ ಮುಂಚಿನ ಬೇಸಗೆಯ ದಿನಗಳಲ್ಲಿ, ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ, ನಿಂತ ಪೈರಿನ ನಡುವೆ ದುಂಡಾದ ಆಕೃತಿಗಳು ಮೂಡಿರುತ್ತಿದ್ದವು. ಅವುಗಳೊಳಗೆ ಪೈರು ಸುಳಿಯಾಗಿ ಬಾಗಿ ನೆಲಕ್ಕೆ ಒರಗಿರುತ್ತಿತ್ತು. ಮೊದಲು ಒಂದೊಂದೇ ವರ್ತುಲ. ಬಳಿಕ ವರ್ತುಲಗಳ ಸಮೂಹ. ಅನಂತರ ಚಿತ್ರಲಿಪಿಯಂತಹ ದೀರ್ಘ ರಚನೆಗಳು. ಇದು ಸುಂಟರಗಾಳಿಯ ಕೆಲಸವೆಂದು ಕೆಲವರು, ಅನ್ಯಲೋಕದ ಬುದ್ಧಿಜೀವಿಗಳ ಸಂದೇಶವೆಂದು ಹಲವರು, ಭೂಮಾತೆಯ ಎಚ್ಚರಿಕೆಯೆಂದು ಮತ್ತೆ ಕೆಲವರು ಬಗೆದರು.

ಈ ವಿಷಯವನ್ನು ಕುರಿತ ಗ್ರಂಥರಾಶಿಯಲ್ಲಿ ಎರಡು ಪುಸ್ತಕಗಳು ವಿಮರ್ಶೆಗೆ ಅರ್ಹವಾಗಿವೆ. ಒಂದು, ಪ್ಯಾಟ್ ಡೆಲ್ಗಾಡೊ ಮತ್ತು ಕಾಲಿನ್ ಆಂಡ್ರೂಸ್ ಅವರು ೧೯೮೯ರಲ್ಲಿ ಪ್ರಕಟಿಸಿದ ‘ಸರ್ಕ್ಯುಲರ್ ಎವಿಡೆನ್ಸ್’. ಇನ್ನೊಂದು, ಜಿಮ್ ಶ್ನಾಬೆಲ್ ಅವರು ೧೯೯೩ರಲ್ಲಿ ಹೊರತಂದ ‘ರೌಂಡ್ ಇನ್ ಸರ್ಕಲ್ಸ್’. ಮೊದಲನೆಯದು ನಂಬಿದವರ ಕೃತಿ, ಎರಡನೆಯದು ನಂಬದವರದು. ದೂರದೇಶದ ಹೊಲದ ಮಾತು ಶ್ರಾವಕರಿಗೇಕೆ ಎಂದು ಯಾರಾದರೂ ಕೇಳಬಹುದು. ಶ್ರದ್ಧೆ ಎಲ್ಲಿ ಮುಗಿದು ಮೂಢತೆ ಎಲ್ಲಿ ಆರಂಭವಾಗುತ್ತದೆ, ಸುಳ್ಳಾಡದೆಯೇ ಒಬ್ಬನು ಹೇಗೆ ಅಸತ್ಯಕ್ಕೆ ಒಡೆಯನಾಗುತ್ತಾನೆ ಎಂಬ ಎರಡು ಪ್ರಶ್ನೆಗಳು ಆ ಹೊಲಗಳಲ್ಲಿ ಬಹಳ ಸ್ಪಷ್ಟವಾಗಿ ಎದ್ದು ನಿಂತಿವೆ. ಅವು ಯಾವ ದೇಶಕ್ಕೂ ಸೀಮಿತವಾದ ಪ್ರಶ್ನೆಗಳಲ್ಲ.

ಮೊದಲು ನಡೆದುದನ್ನು ತಿಳಿಯುವುದು ಅಗತ್ಯ. ೧೯೯೧ರ ಸೆಪ್ಟೆಂಬರ್ ೯ರಂದು ಲಂಡನ್ನಿನ ‘ಟುಡೇ’ ಪತ್ರಿಕೆಯು ಸೌತಾಂಪ್ಟನ್ನಿನ ಡಗ್ ಬೋವರ್ ಮತ್ತು ಡೇವ್ ಚಾರ್ಲಿ ಎಂಬ, ಅರವತ್ತು ದಾಟಿದ ಇಬ್ಬರು ಸ್ನೇಹಿತರ ಹೇಳಿಕೆಯನ್ನು ಪ್ರಕಟಿಸಿತು. ಎಪ್ಪತ್ತರ ದಶಕದ ಉತ್ತರಾರ್ಧದಿಂದ ತಾವೇ ಇಂತಹ ಇನ್ನೂರಕ್ಕೂ ಹೆಚ್ಚು ವರ್ತುಲಗಳನ್ನು ರಚಿಸಿದುದಾಗಿ ಅವರು ಒಪ್ಪಿಕೊಂಡರು. ಬೋವರ್ ಹಿಂದೆ ಆಸ್ಟ್ರೇಲಿಯದಲ್ಲಿ ಕೆಲವು ವರ್ಷ ವಾಸವಾಗಿದ್ದವರು. ೧೯೬೬ರಲ್ಲಿ ಕ್ವೀನ್ಸ್‌ಲ್ಯಾಂಡಿನ ಟುಲ್ಲಿ ಎಂಬಲ್ಲಿ ಜೌಗು ಹುಲ್ಲು ದುಂಡಾಗಿ ಮಲಗಿದ್ದು, ಅದನ್ನು ಹಾರುವ ತಟ್ಟೆ ಇಳಿದ ಗುರುತೆಂದು ಜನ ನಂಬಿದ್ದು ಅವರಿಗೆ ಸ್ಫೂರ್ತಿಯಾಯಿತು. ಒಂದು ಹಲಗೆ, ಅದಕ್ಕೆ ಕಟ್ಟಿದ ಹಗ್ಗ, ನೇರವಾಗಿ ನಡೆಯಲು ಟೋಪಿಗೆ ಸಿಕ್ಕಿಸಿದ ತಂತಿಯ ಬಳೆ, ಇಷ್ಟೇ ಅವರ ಸಾಧನ. ಪತ್ರಿಕೆಯವರು ಅವರಿಂದ ಹೊಸದೊಂದು ಆಕೃತಿಯನ್ನು ಮಾಡಿಸಿ ಡೆಲ್ಗಾಡೊ ಅವರಿಗೆ ತೋರಿಸಿದರು. ಇದು ಮನುಷ್ಯರ ಕೆಲಸವಲ್ಲವೆಂದು ಅವರು ಅಭಿಪ್ರಾಯಪಟ್ಟರು. ನಿಜಸ್ಥಿತಿಯನ್ನು ತಿಳಿಸಿದಾಗ, ತಾವು ಮೋಸಹೋದುದನ್ನು ಆ ವೃದ್ಧರು ಒಪ್ಪಿಕೊಂಡರು. ಈ ಇಡೀ ಪ್ರಕರಣದಲ್ಲಿ ಗೌರವಕ್ಕೆ ಪಾತ್ರವಾದ ಕ್ಷಣಗಳಲ್ಲಿ ಅದೂ ಒಂದು.

ಈ ಹಿನ್ನೆಲೆಯಲ್ಲಿ ‘ಸರ್ಕ್ಯುಲರ್ ಎವಿಡೆನ್ಸ್’ ಕೃತಿಯನ್ನು ನೋಡಬೇಕು. ಅದರ ಲೇಖಕರು ಸೋಮಾರಿಗಳಲ್ಲ, ವಂಚಕರೂ ಅಲ್ಲ. ಇಬ್ಬರೂ ವಿದ್ಯುತ್ ಎಂಜಿನಿಯರಿಂಗ್ ಬಲ್ಲವರು. ಹೊಲದಿಂದ ಹೊಲಕ್ಕೆ ಅಲೆದು ಅಳತೆ ತೆಗೆದವರು, ಛಾಯಾಚಿತ್ರಗಳನ್ನು ಸಂಗ್ರಹಿಸಿದವರು. ಆದರೂ ಗ್ರಂಥದ ಬುಡ ಭದ್ರವಾಗಿಲ್ಲ. ನಮ್ಮ ಭಾಷೆಯಲ್ಲಿ ‘ಪ್ರಮಾಣ’ ಎಂಬ ಒಂದೇ ಶಬ್ದಕ್ಕೆ ಅಳತೆ ಎಂಬ ಅರ್ಥವೂ ಉಂಟು, ಯಥಾರ್ಥಜ್ಞಾನದ ಆಧಾರ ಎಂಬ ಅರ್ಥವೂ ಉಂಟು. ಈ ಗ್ರಂಥದಲ್ಲಿ ಮೊದಲ ಅರ್ಥದ ಪ್ರಮಾಣ ಹೇರಳವಾಗಿದೆ, ಎರಡನೆಯದು ಇಲ್ಲ. ಲೆಕ್ಕ ಬಲ್ಲವರಿಗೆ ಇದು ಹೊಸತಲ್ಲ. ಖಾತೆಯ ಎಲ್ಲ ಪುಟಗಳ ಜಮಾ ಖರ್ಚು ಕಾಸಿಗೆ ಕಾಸು ತಾಳೆಯಾಗಬಹುದು. ಆದರೆ ಮೊದಲ ನಮೂದಿಗೆ ರಸೀದಿಯೇ ಇಲ್ಲದಿದ್ದರೆ ಆ ತಾಳೆಗೆ ಬೆಲೆಯಿಲ್ಲ. ಕೂಡುವುದು ಸರಿಯಿದೆ ಎಂಬುದರಿಂದ ಸರಕು ಬಂದದ್ದು ನಿಜವೆಂದು ಸಿದ್ಧವಾಗುವುದಿಲ್ಲ. ವರ್ತುಲದ ವ್ಯಾಸವನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೂ ಅದನ್ನು ಮಾಡಿದವರು ಯಾರೆಂಬುದು ಅಳತೆಯಿಂದ ತಿಳಿಯದು.

ನಂಬಿದವರು ಮುಂದಿಟ್ಟ ಮುಖ್ಯ ಸಾಕ್ಷ್ಯವೊಂದು ಗಿಣ್ಣುಗಳದು. ಪೈರಿನ ಕಾಂಡ ಮುರಿಯದೆ ಗಿಣ್ಣಿನಲ್ಲಿ ಬಾಗಿದೆ, ಮನುಷ್ಯನು ತುಳಿದರೆ ಹೀಗಾಗದು ಎಂಬುದು ಅವರ ವಾದ. ಆದರೆ ಹಸಿಯಾದ ಗೋಧಿಯ ಕಾಂಡವು ಒತ್ತಿದರೆ ಮುರಿಯದೆ ಬಾಗುತ್ತದೆ. ಮಲಗಿದ ಪೈರು ಮತ್ತೆ ಮೇಲಕ್ಕೇಳಲು ಯತ್ನಿಸುವಾಗ ಗಿಣ್ಣಿನ ಕೆಳಬದಿ ಹೆಚ್ಚು ಬೆಳೆದು ಅಲ್ಲಿಯೇ ಬಾಗು ಉಂಟಾಗುತ್ತದೆ. ಮಳೆಗಾಳಿಗೆ ಒರಗಿದ ಪೈರಿನಲ್ಲಿಯೂ ಇದನ್ನು ಕಾಣಬಹುದು. ಏಕೇಂದ್ರಿಯ ಜೀವವು ತನ್ನ ಪ್ರಾಣವನ್ನು ಉಳಿಸಿಕೊಳ್ಳಲು ಪಟ್ಟ ಪ್ರಯಾಸವನ್ನೇ ಪವಾಡದ ಗುರುತೆಂದು ಬಗೆದದ್ದು ಶೋಚನೀಯ.

ಗ್ರಂಥಪ್ರಮಾಣವನ್ನು ಬಳಸಿದ ರೀತಿಯೂ ಇಂಥದೇ. ೧೬೭೮ರಲ್ಲಿ ಮುದ್ರಿತವಾದ ಹರ್ಟ್‌ಫರ್ಡ್‌ಷೈರಿನ ಒಂದು ಕರಪತ್ರವನ್ನು ವರ್ತುಲಗಳ ಪ್ರಾಚೀನ ದಾಖಲೆಯೆಂದು ನಂಬಿದವರ ವಲಯದಲ್ಲಿ ಉದಾಹರಿಸುವುದುಂಟು. ಅದರ ಕಥೆಯೇ ಬೇರೆ. ಶ್ರೀಮಂತ ರೈತನೊಬ್ಬನು ಬಡ ಕೂಲಿಯವನೊಡನೆ ಕೊಯ್ಲಿನ ಕೂಲಿಗಾಗಿ ಜಗ್ಗಾಡಿ, ನಿನಗೆ ಕೊಡುವುದಕ್ಕಿಂತ ಸೈತಾನನೇ ಕೊಯ್ಯಲಿ ಎಂದನಂತೆ. ಬೆಳಗಾಗುವಾಗ ಓಟ್ಸ್ ಬೆಳೆ ದುಂಡುದುಂಡಾಗಿ ಕೊಯ್ದುಹೋಗಿತ್ತಂತೆ. ಅಲ್ಲಿ ಪೈರು ಬಾಗಿಲ್ಲ, ಕತ್ತರಿಸಲ್ಪಟ್ಟಿದೆ. ದುಡಿದವನ ಕೂಲಿಯನ್ನು ಹಿಡಿಯಬೇಡ ಎಂಬ ನೀತಿಯನ್ನು ಹೇಳುವ ಪತ್ರದಲ್ಲಿ ಆಕಾಶಯಾನವನ್ನು ಹುಡುಕುವುದು ಓದುವ ಕ್ರಮವಲ್ಲ.

ತಪ್ಪೊಪ್ಪಿಗೆಯ ಬಳಿಕ ನಂಬಿಕೆ ಕುಗ್ಗಬೇಕಾಗಿತ್ತು. ಹಾಗಾಗಲಿಲ್ಲ. ಆ ಇಬ್ಬರು ಮುದುಕರು ಇಷ್ಟನ್ನೆಲ್ಲ ಮಾಡಿರಲಾರರು ಎಂಬ ಮಾತು ಹುಟ್ಟಿತು. ಅದು ನಿಜವೂ ಹೌದು. ಏಕೆಂದರೆ ಅಷ್ಟರಲ್ಲಿ ಅವರನ್ನು ಅನುಕರಿಸುವ ತಂಡಗಳು ಹುಟ್ಟಿಕೊಂಡಿದ್ದವು. ೨೦೦೧ರ ಆಗಸ್ಟಿನಲ್ಲಿ ವಿಲ್ಟ್‌ಷೈರಿನ ಮಿಲ್ಕ್ ಹಿಲ್ ಮೇಲೆ ೪೦೯ ವರ್ತುಲಗಳ ಮಹಾರಚನೆಯೊಂದು ಕಾಣಿಸಿತು. ಇಷ್ಟು ದೊಡ್ಡದು ಮನುಷ್ಯನಿಂದ ಅಸಾಧ್ಯವೆಂದರು. ಕಠಿನವಾದದ್ದು ಅಸಾಧ್ಯವಲ್ಲ, ಅಸಾಧ್ಯವೆಂದು ತೋರಿದ್ದು ಅಲೌಕಿಕವೂ ಅಲ್ಲ. ೨೦೦೦ದಲ್ಲಿ ಆಂಡ್ರೂಸ್ ಅವರೇ ತಮ್ಮ ತನಿಖೆಯ ಫಲವಾಗಿ, ಶೇಕಡಾ ೮೦ರಷ್ಟು ರಚನೆಗಳು ಮಾನವಕೃತವೆಂದು ಪ್ರಕಟಿಸಿದರು. ಅನೇಕ ಅನುಯಾಯಿಗಳ ಅಸಮಾಧಾನವನ್ನು ಎದುರಿಸಿ ಇಷ್ಟು ಹೇಳಿದ್ದು ಪ್ರಾಮಾಣಿಕತೆಯೇ. ಆದರೂ ಉಳಿದ ಶೇಕಡಾ ೨೦ಕ್ಕೆ ಅವರು ಭೂಕಾಂತದ ವಿವರಣೆಯನ್ನು ಇಟ್ಟುಕೊಂಡರು. ನೂರು ನಾಣ್ಯಗಳಲ್ಲಿ ಎಂಬತ್ತು ಖೋಟಾ ಎಂದು ಕಂಡಮೇಲೆ ಉಳಿದ ಇಪ್ಪತ್ತನ್ನು ಪರೀಕ್ಷಿಸದೆ ತಿಜೋರಿಯಲ್ಲಿಡುವ ವರ್ತಕನಿಲ್ಲ.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕಾಗಿದೆ. ಎಲ್ಲ ಪಕ್ಷಗಳಲ್ಲಿಯೂ ಅಷ್ಟಷ್ಟು ಸತ್ಯವಿದೆಯೆಂದು ಒಪ್ಪುವುದೇ ಅನೇಕಾಂತವೆಂದು ನಮ್ಮವರಲ್ಲಿಯೇ ಹಲವರು ಭಾವಿಸುವುದುಂಟು. ಹಾಗಾದರೆ ಗಾಳಿಯೂ ಸರಿ, ಅನ್ಯಲೋಕವೂ ಸರಿ, ಹಲಗೆಯೂ ಸರಿ ಎಂದು ಕೈಮುಗಿದು ಕೂಡಬೇಕಾಗುತ್ತದೆ. ಅನೇಕಾಂತವು ವಸ್ತುವಿನ ಅನಂತ ಧರ್ಮಗಳನ್ನು ಕುರಿತದ್ದು, ವಸ್ತುವಿಲ್ಲದ ಕಲ್ಪನೆಗಳನ್ನು ಕುರಿತದ್ದಲ್ಲ. ನಯಗಳು ಪ್ರಮಾಣಕ್ಕೆ ಅಧೀನವಾದವು. ಪ್ರಮಾಣದಿಂದ ಬಾಧಿತವಾದ ನಯವು ನಯಾಭಾಸವೆನಿಸುತ್ತದೆ. ‘ಸ್ಯಾತ್’ ಎಂಬ ಪದವು ನಿಶ್ಚಯದ ಅಪೇಕ್ಷೆಯನ್ನು ಸೂಚಿಸುತ್ತದೆಯೇ ಹೊರತು ಸಂದೇಹದ ಆಶ್ರಯವಲ್ಲ. ಹಲಗೆಯನ್ನು ಕಣ್ಣಾರೆ ಕಂಡಮೇಲೆಯೂ ಗಾಳಿಯನ್ನು ಬಿಡದಿರುವುದು ಅನೇಕಾಂತವಲ್ಲ, ಆಗ್ರಹ.

ಎರಡನೆಯ ಕೃತಿಯಾದ ‘ರೌಂಡ್ ಇನ್ ಸರ್ಕಲ್ಸ್’ ಓದುಗರನ್ನು ಹಿಡಿದಿಡುವ ಗ್ರಂಥ. ಹವಾಮಾನ ವಿಜ್ಞಾನಿ ಟೆರೆನ್ಸ್ ಮೀಡನ್ ಅವರು ವಿದ್ಯುದಾವಿಷ್ಟ ಸುಳಿಗಾಳಿಯ ಸಿದ್ಧಾಂತವನ್ನು ಕಟ್ಟಿದ ಬಗೆ, ಸಂಶೋಧಕರ ಪರಸ್ಪರ ಮಾತ್ಸರ್ಯ, ರಾತ್ರಿಯ ಕಾವಲುಗಳು, ಎಲ್ಲವೂ ಇದರ ವಸ್ತುವಾಗಿವೆ. ೧೯೯೦ರ ಜುಲೈ ತಿಂಗಳಿನಲ್ಲಿ ಬಿ.ಬಿ.ಸಿ. ಮತ್ತು ಜಪಾನಿನ ದೂರದರ್ಶನದವರ ಸಹಕಾರದಿಂದ ನಡೆದ ‘ಆಪರೇಷನ್ ಬ್ಲ್ಯಾಕ್‌ಬರ್ಡ್’ ಕಾವಲಿನ ಪ್ರಸಂಗ ಪ್ರಸಿದ್ಧವಾದದ್ದು. ವೆಸ್ಟ್‌ಬರಿಯ ಬಳಿ ಒಂದು ಮುಂಜಾನೆ ವರ್ತುಲಗಳು ಕಂಡವು. ಮಹತ್ತ್ವದ ಘಟನೆ ನಡೆಯಿತೆಂದು ಆಂಡ್ರೂಸ್ ಜಗತ್ತಿಗೆ ಸಾರಿದರು. ಆಮೇಲೆ ಹತ್ತಿರ ಹೋಗಿ ನೋಡಿದರೆ ನಡುವೆ ಮರದ ಶಿಲುಬೆಗಳೂ ಜ್ಯೋತಿಷದ ಆಟದ ಹಲಗೆಗಳೂ ಬಿದ್ದಿದ್ದವು. ಹತ್ತಿರ ಹೋಗುವ ಮೊದಲೇ ಸಾರಿದ್ದು ತಪ್ಪು. ಆದರೆ ಅವರನ್ನು ಹಾಸ್ಯಾಸ್ಪದರನ್ನಾಗಿಸಲೆಂದೇ ಕತ್ತಲೆಯಲ್ಲಿ ಹೊಲಕ್ಕಿಳಿದವರ ನಡತೆಯೂ ನಿರ್ದೋಷವಲ್ಲ.

ಶ್ನಾಬೆಲ್ ಅವರ ಗ್ರಂಥದ ಕೊರತೆ ಇಲ್ಲಿಯೇ ಇದೆ. ಅವರ ದೃಷ್ಟಿ ತೀಕ್ಷ್ಣವಾಗಿದೆ, ಆದರೆ ನಗೆ ಆ ದೃಷ್ಟಿಗಿಂತ ಮುಂದೆ ಓಡುತ್ತದೆ. ಹಾಸ್ಯವನ್ನು ನೋಕಷಾಯಗಳಲ್ಲಿ ಎಣಿಸಿದ ಆಚಾರ್ಯರ ಅಭಿಪ್ರಾಯ ಇದನ್ನು ಓದುವಾಗ ನೆನಪಾಗದಿರದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅಮೂಢದೃಷ್ಟಿಯೊಂದೇ ಇಲ್ಲ. ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳೂ ಇವೆ. ಮೂಢನಾಗದಿರುವುದು ಒಂದು ಗುಣ. ಜಾರಿದವನ ಕೈಹಿಡಿದು ಎತ್ತುವುದು ಅದರ ಜೊತೆಗಿರಬೇಕಾದ ಗುಣ. ಮೊದಲನೆಯದು ಮಾತ್ರವಿದ್ದರೆ ಜಾಣ್ಮೆಯು ಮದವಾಗುತ್ತದೆ.

ಪರೀಕ್ಷೆಗೆ ಸರಳವಾದ ಮಾರ್ಗ ಇರಲಿಲ್ಲವೆಂದಲ್ಲ. ೧೯೯೨ರ ಜುಲೈ ತಿಂಗಳಿನಲ್ಲಿ ಬಕಿಂಗ್‌ಹ್ಯಾಮ್‌ಷೈರಿನ ವೆಸ್ಟ್ ವೈಕೊಂಬ್ ಬಳಿ ವರ್ತುಲ ರಚನೆಯ ಸ್ಪರ್ಧೆಯೊಂದು ನಡೆಯಿತು. ಜೀವವಿಜ್ಞಾನಿ ರೂಪರ್ಟ್ ಶೆಲ್ಡ್ರೇಕ್ ಅದರ ಆಯೋಜಕರಲ್ಲಿದ್ದರು. ಕೊಟ್ಟ ನಕ್ಷೆಯನ್ನು ರಾತ್ರಿಯ ವೇಳೆಯಲ್ಲಿ ಹೊಲದಲ್ಲಿ ಮೂಡಿಸಬೇಕಾಗಿತ್ತು. ಹೆಲಿಕಾಪ್ಟರ್ ಕಾರ್ಖಾನೆಯ ಮೂವರು ಎಂಜಿನಿಯರುಗಳು ಗೆದ್ದರು; ಶ್ನಾಬೆಲ್ ಒಬ್ಬರೇ ದುಡಿದು ಎರಡನೆಯ ಸ್ಥಾನ ಪಡೆದರು. ಮನುಷ್ಯನಿಂದ ಇದು ಸಾಧ್ಯವೆಂಬ ಅಂಶ ಯಾರಿಗೂ ವಂಚನೆಯಾಗದೆ, ಯಾರ ಕಣ್ಣಿಗೂ ಮಣ್ಣೆರಚದೆ ಸಿದ್ಧವಾಯಿತು. ಗುಟ್ಟಿನ ನೂರು ರಾತ್ರಿಗಳಿಗಿಂತ ಈ ಒಂದು ರಾತ್ರಿಗೆ ಹೆಚ್ಚು ಬೆಲೆ.

ಇನ್ನು ರಚನಕಾರರ ಸಮರ್ಥನೆಯನ್ನು ಪರಿಶೀಲಿಸಬೇಕು. ನಾವು ಯಾರಿಗೂ ಸುಳ್ಳು ಹೇಳಿಲ್ಲ, ಬರಿಯ ಚಿತ್ರ ಬಿಡಿಸಿ ಸುಮ್ಮನಿದ್ದೆವು, ಅರ್ಥ ಕಟ್ಟಿದವರು ನೋಡಿದವರು ಎಂಬುದು ಅದರ ಸಾರ. ಚತುರವಾದ ಮಾತು. ಆದರೆ ಉಮಾಸ್ವಾತಿ ಆಚಾರ್ಯರು ‘ತತ್ತ್ವಾರ್ಥಸೂತ್ರ’ದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆಯನ್ನೂ ಸೇರಿಸಿದ್ದಾರೆ. ಸುಳ್ಳು ಬರಹವು ನಾಲಗೆಯಿಂದ ಆಡಿದ್ದಲ್ಲ. ಆದರೂ ಅದು ಸತ್ಯವ್ರತಕ್ಕೆ ಕಳಂಕ. ಅನ್ಯರು ಬರೆದದ್ದೆಂದು ಜನ ನಂಬಲಿ ಎಂಬ ಉದ್ದೇಶದಿಂದ ಹೊಲದ ಮೇಲೆ ಬರೆದದ್ದು ಕೂಟಲೇಖವಲ್ಲದೆ ಮತ್ತೇನು? ಪೈರಿನ ಒಡೆಯನ ಅನುಮತಿಯಿಲ್ಲದೆ ಹಸುರನ್ನು ತುಳಿಯುವುದು ಅದತ್ತದ ದೋಷಕ್ಕೆ ಸಮೀಪವಾದದ್ದು. ಪ್ರಯೋಜನವಿಲ್ಲದೆ ವನಸ್ಪತಿಯನ್ನು ಹಿಂಸಿಸುವುದು ಅನರ್ಥದಂಡ. ಅಲ್ಲಿನ ಕಾನೂನಿಗೂ ಇದು ಒಪ್ಪಿತವಲ್ಲ. ೨೦೦೦ದಲ್ಲಿ ವಿಲ್ಟ್‌ಷೈರಿನಲ್ಲಿ ಒಬ್ಬ ರಚನಕಾರನಿಗೆ ಪೈರು ಹಾಳುಮಾಡಿದ ಅಪರಾಧಕ್ಕಾಗಿ ೧೦೦ ಪೌಂಡು ದಂಡ ವಿಧಿಸಲಾಯಿತು.

ಅತಿ ಸೂಕ್ಷ್ಮವಾದ ಪ್ರಶ್ನೆ ಹಣದ್ದು. ೧೯೯೬ರ ಜುಲೈ ತಿಂಗಳಿನಲ್ಲಿ ಪ್ರಾಚೀನ ಶಿಲಾಸ್ಮಾರಕವಾದ ಸ್ಟೋನ್‌ಹೆಂಜಿನ ಎದುರಿಗೆ ೧೫೧ ವರ್ತುಲಗಳ ಸುಳಿಯಾಕೃತಿಯೊಂದು ಮೂಡಿತು. ಹೊಲದ ರೈತನು ನೋಡಬಂದವರಿಂದ ಪ್ರವೇಶದ ಹಣ ಪಡೆದನು. ಸುಮಾರು ೧೫೦ ಪೌಂಡಿನ ಬೆಳೆ ನಷ್ಟವಾದ ಸ್ಥಳದಲ್ಲಿ ನಾಲ್ಕು ವಾರಗಳಲ್ಲಿ ೩೦,೦೦೦ ಪೌಂಡು ಸಂಗ್ರಹವಾಯಿತೆಂದು ವರದಿಯಾಗಿದೆ. ರೈತನು ಆಕೃತಿಯನ್ನು ಮಾಡಲಿಲ್ಲ, ಅದನ್ನು ದೈವಿಕವೆಂದೂ ಹೇಳಬೇಕಾಗಿರಲಿಲ್ಲ. ಡಬ್ಬಿ ಇಟ್ಟರೆ ಸಾಕಾಗಿತ್ತು. ನಷ್ಟವನ್ನು ತುಂಬಿಕೊಳ್ಳುವುದು ನ್ಯಾಯ. ಅನುಮತಿ ಕೇಳದೆ ತುಳಿದವರಿಂದ ಅವನೂ ನೊಂದವನೇ. ಆದರೆ ನಷ್ಟ ತುಂಬಿದ ಮೇಲೆ ಬರುವ ಪ್ರತಿಯೊಂದು ನಾಣ್ಯವೂ ಜನರ ಅಜ್ಞಾನದ ಮೇಲಿನ ಬಡ್ಡಿಯಾಗುತ್ತದೆ. ಕಳ್ಳನು ತಂದ ಸರಕನ್ನು ಕೊಳ್ಳುವುದನ್ನೂ ಅಚೌರ್ಯವ್ರತದ ಅತಿಚಾರವೆಂದು ಶಾಸ್ತ್ರವು ಹೇಳಿದೆ. ಅನ್ಯರು ಮಾಡಿದ ವಂಚನೆಯ ಲಾಭವನ್ನು ತಿಳಿದೂ ಸ್ವೀಕರಿಸುವುದು ಅದೇ ಜಾತಿಗೆ ಸೇರಿದ್ದು.

ಈ ಮಾತು ದೇವಸ್ಥಾನಗಳ ಆಡಳಿತ ಮಂಡಳಿಗಳಿಗೂ ಅನ್ವಯಿಸುತ್ತದೆ. ಬಿಂಬದ ಮೇಲೆ ನೀರಿನ ಹನಿ ಕಂಡಿತು, ಗೋಡೆಯಲ್ಲಿ ಆಕೃತಿ ಮೂಡಿತು ಎಂಬ ಸುದ್ದಿ ಹಬ್ಬಿದಾಗ ಜನಸಂದಣಿ ಸೇರುತ್ತದೆ, ಹುಂಡಿ ತುಂಬುತ್ತದೆ. ಮಂಡಳಿಯವರು ಆ ಸುದ್ದಿಯನ್ನು ಹಬ್ಬಿಸಿರುವುದಿಲ್ಲ, ನಿರಾಕರಿಸುವುದೂ ಇಲ್ಲ. ಧರ್ಮಪ್ರಭಾವನೆಯಾಯಿತೆಂದು ಸಮಾಧಾನಪಡುವವರೂ ಉಂಟು. ಆ ಮೌನಕ್ಕೂ ಹೊಲದ ಅಂಚಿನ ಡಬ್ಬಿಗೂ ಇರುವ ಭೇದವನ್ನು ತೋರಿಸುವುದು ಸುಲಭವಲ್ಲ.

ಸಮಂತಭದ್ರ ಆಚಾರ್ಯರು ‘ಆಪ್ತಮೀಮಾಂಸೆ’ಯನ್ನು ಆರಂಭಿಸುವಾಗಲೇ ಇದಕ್ಕೆ ಉತ್ತರವಿತ್ತಿದ್ದಾರೆ. ದೇವತೆಗಳ ಆಗಮನ, ಆಕಾಶಗಮನ, ಚಾಮರಾದಿ ವೈಭವಗಳು ಮಾಯಾವಿಗಳಲ್ಲಿಯೂ ಕಾಣುವುವಾದ್ದರಿಂದ, ಅವುಗಳಿಗಾಗಿ ಭಗವಂತನನ್ನು ಮಹಾನೆಂದು ಒಪ್ಪಲು ಅವರು ಸಮ್ಮತಿಸಲಿಲ್ಲ. ದೋಷರಹಿತವಾದ ವೀತರಾಗತೆ ಮತ್ತು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದ ವಾಣಿ, ಇವೇ ಅವರ ಮಾನದಂಡ. ಸಾಕ್ಷಾತ್ ಜಿನೇಂದ್ರನ ಸನ್ನಿಧಿಯಲ್ಲಿಯೇ ಪವಾಡವನ್ನು ಪ್ರಮಾಣವೆಂದು ಗ್ರಹಿಸದ ಪರಂಪರೆಗೆ ಗೋಡೆಯ ಕಲೆಯಾಗಲಿ ಗೋಧಿಯ ಸುಳಿಯಾಗಲಿ ಅಗತ್ಯವಿಲ್ಲ.

ಚಾರ್ಲಿ ೧೯೯೬ರಲ್ಲಿಯೂ ಬೋವರ್ ೨೦೧೮ರಲ್ಲಿಯೂ ತೀರಿಕೊಂಡರು. ಅವರ ಹಲಗೆಯನ್ನು ಹಿಡಿದವರು ಮಾತ್ರ ನಿಲ್ಲಲಿಲ್ಲ. ಇಂತಹ ಸುದ್ದಿ ಊರಿಗೆ ಬಂದ ದಿನ ಶ್ರಾವಕನು ಮಾಡಬೇಕಾದದ್ದು ಮೂರು ಕೆಲಸ: ಸಾರುವ ಮೊದಲು ಹತ್ತಿರ ಹೋಗಿ ನೋಡುವುದು, ತಿಳಿದದ್ದನ್ನು, ಲಾಭಕ್ಕೆ ಕೊರತೆಯಾದರೂ, ಬಾಗಿಲಲ್ಲಿ ಬರೆದು ಹಾಕುವುದು, ನಂಬಿ ಬಂದ ಬಡವನನ್ನು ನಗದೆ ಕುಳ್ಳಿರಿಸಿ ತಿಳಿಹೇಳುವುದು. ಮೊದಲನೆಯದರಿಂದ ದರ್ಶನವೂ ಎರಡನೆಯದರಿಂದ ವ್ರತವೂ ಮೂರನೆಯದರಿಂದ ವಾತ್ಸಲ್ಯವೂ ಉಳಿಯುತ್ತವೆ. ಪ್ರಭಾವನೆಯೆಂದರೆ ಇದೇ.