ಹೆಣಕ್ಕೆ ಐದೇ ಪ್ರಶ್ನೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಪುಸ್ತಕದ ಮಂತ್ರವಾದಿಯನ್ನೂ 2024ರ ಪುಸ್ತಕದ ಮಂತ್ರವಾದಿಯನ್ನೂ ಎದುರುಬದುರು ಕೂರಿಸಿ ತೂಗುತ್ತೇನೆಂದು ಕಳೆದ ವಾರ ಈ ಅಂಕಣದಲ್ಲಿ ಮಾತು ಕೊಟ್ಟಿದ್ದೆ. ತೂಗಿದ್ದಾಯಿತು. ಹೊಸ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಲ್ಲಿ ವಿಝಾರ್ಡ್‌ಗೆ ಉಳಿದಿರುವುದು ನಾಲ್ಕೇ ಪಂಥ, ಹೆಣದ ವಿದ್ಯೆಯ ನೆಕ್ರೋಮ್ಯಾನ್ಸರ್ ಅವುಗಳಲ್ಲಿಲ್ಲ. ಮಿಕ್ಕ ಟಿಪ್ಪಣಿ ಮುಂದೊಂದು ದಿನಕ್ಕಿರಲಿ. ಭಾನುವಾರ ನಮ್ಮ ಪಡಸಾಲೆಯಲ್ಲಿ ನಡೆದದ್ದನ್ನು ಬರೆಯದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ.

ದಾವಣಗೆರೆಯಲ್ಲಿ ಓದುವ ಅಳಿಯ ಹಿರೇಹಡಗಲಿಗೆ ಬಂದಾಗಲೆಲ್ಲ ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಮೇಜಿಗೆ ಕೂರುತ್ತಾನೆ. ಈ ಸಲ ಹಳೇ ಪುಸ್ತಕದ ನೆಕ್ರೋಮ್ಯಾನ್ಸರ್ ಕಟ್ಟಿಕೊಂಡು ಬಂದಿದ್ದ, ಬೆನ್ನಿಗೆ ಒಂಬತ್ತು ಎಲುಬುಗೂಡು, ಒಂಬತ್ತರ ಕೈಯಲ್ಲೂ ಬಿಲ್ಲು. ಅವನ ಸರದಿ ಬಂದಿತೆಂದರೆ ಒಂಬತ್ತು ಸಲ ದಾಳ ಉರುಳಬೇಕು, ತಗುಲಿದ ಬಾಣಕ್ಕೆ ಮತ್ತೆ ಉರುಳಬೇಕು. ನಾನು ಎದ್ದು ಹೋಗಿ ಚಹಾ ಕುದಿಸಿ, ಸೋಸಿ, ಎಲ್ಲರಿಗೂ ಕೊಟ್ಟು ಬಂದು ಕೂತರೂ ಹುಡುಗ ಐದನೇ ಬಾಣದಲ್ಲಿದ್ದ. “ಇನ್ನಾ ನಾಕು ಉಳದಾವು ಮಾಮಾ, ತಡಿ” ಅಂದ.

ಈ ರೋಗದ ಮೂಲ ನನಗೆ ಗೊತ್ತಿದೆ. 2000ದಲ್ಲಿ ಬಂದ ‘ಡಯಾಬ್ಲೊ 2’ ಎಂಬ ಕಂಪ್ಯೂಟರ್ ಆಟ. ಅದರ ನೆಕ್ರೋಮ್ಯಾನ್ಸರ್ ಹಿಂದೆ ಎಲುಬುಗೂಡುಗಳ ಮೆರವಣಿಗೆಯೇ ಹೊರಡುತ್ತದೆ. ಅಲ್ಲಿ ಲೆಕ್ಕ ಇಡುವುದು ಯಂತ್ರ, ಇಲ್ಲಿ ಲೆಕ್ಕ ಇಡಬೇಕಾದವರು ನಾವು. ಅದರಲ್ಲೂ ಹೆಣ ಎಬ್ಬಿಸುವ ‘ಆ್ಯನಿಮೇಟ್ ಡೆಡ್’ ಮಂತ್ರದ ಹಿಡಿತ ಇಪ್ಪತ್ನಾಲ್ಕೇ ತಾಸು. ಅವಧಿ ಮುಗಿಯುವುದರೊಳಗೆ ಮತ್ತೆ ಮಂತ್ರ ಹಾಕದಿದ್ದರೆ ಎಲುಬುಗೂಡು ಮಾತು ಕೇಳುವುದಿಲ್ಲ. ಇದನ್ನು ಮಂತ್ರವಿದ್ಯೆ ಎನ್ನುತ್ತೀರಾ? ಕೂಲಿಯಾಳುಗಳ ಹಾಜರಿ ಪುಸ್ತಕ ಇದು. ಎಲುಬಿನ ದಂಡು ಕಟ್ಟುವವರ ಜೊತೆ ನನ್ನ ಜಗಳ ಹಳೆಯದು.

ನೆಕ್ರೋಮ್ಯಾನ್ಸಿ ಎಂಬ ಗ್ರೀಕ್ ಮೂಲದ ಮಾತಿಗೆ ಸತ್ತವರನ್ನು ಕೇಳಿ ಕಣಿ ತಿಳಿಯುವುದು ಎಂದೇ ಅರ್ಥ. ದುಡಿಸಿಕೊಳ್ಳುವುದು ಅದರಲ್ಲೆಲ್ಲೂ ಇಲ್ಲ. ಕೇಳುವ ಮಂತ್ರವೂ ಆಟದಲ್ಲಿದೆ, ‘ಸ್ಪೀಕ್ ವಿತ್ ಡೆಡ್’. ಹೆಣಕ್ಕೆ ಬಾಯಿ ಇರಬೇಕು. ಐದು ಪ್ರಶ್ನೆ ಕೇಳಬಹುದು. ಬದುಕಿದ್ದಾಗ ತಿಳಿದದ್ದನ್ನಷ್ಟೇ ಅದು ಹೇಳೀತು, ಅದನ್ನೂ ಚುಟುಕಾಗಿ, ಒಗಟಾಗಿ. ಇಷ್ಟು ಚೆಂದದ ಮಂತ್ರವನ್ನು 2014ರ ಪುಸ್ತಕ ಪೂಜಾರಿ ಕ್ಲೆರಿಕ್‌ಗೆ ಕೊಟ್ಟಿತು, ಹಾಡುಗಾರ ಬಾರ್ಡ್‌ಗೂ ಕೊಟ್ಟಿತು, ವಿಝಾರ್ಡ್‌ಗೆ ಮಾತ್ರ ಕೊಡಲಿಲ್ಲ. ಹೆಸರಿಗೆ ಹೆಣದ ಕಣಿಯವ, ಹೆಣವನ್ನು ಮಾತಾಡಿಸಲು ಪೂಜಾರಿಯ ಕಾಲು ಹಿಡಿಯಬೇಕು!

ಹೆಣಗಳ ನಡುವೆ ಮಾತು ಹೇಗಿರಬೇಕೆಂದು ಕಲಿಯಬೇಕಾದವರು ರನ್ನನ ‘ಗದಾಯುದ್ಧ’ ತೆರೆಯಲಿ. ನಾನು ವರ್ಷಕ್ಕೊಮ್ಮೆಯಾದರೂ ಆ ರಣರಂಗದ ಭಾಗಕ್ಕೆ ಹೋಗಿ ಬರುತ್ತೇನೆ. ದಂಡೆಲ್ಲ ಸತ್ತಿದೆ. ದುರ್ಯೋಧನ ಸಂಜಯನ ಜೊತೆ ಭೀಷ್ಮನನ್ನು ಕಾಣಲು ಹೊರಟಿದ್ದಾನೆ. ದಾರಿ ಎಂದರೆ ಹೆಣಗಳ ಮೇಲಿನ ದಾರಿ. ದ್ರೋಣ ಬಿದ್ದಿದ್ದಾನೆ, ಮಗ ಬಿದ್ದಿದ್ದಾನೆ, ದುಶ್ಶಾಸನ ಬಿದ್ದಿದ್ದಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ಆ ಛಲಗಾರ ನಿಂತು ಹೊಗಳುತ್ತಾನೆ. ಕರ್ಣನ ಮುಂದಂತೂ ಕಾಲೇ ಕೀಳುವುದಿಲ್ಲ. ಒಬ್ಬೊಬ್ಬರನ್ನೂ ಮಾತಾಡಿಸುತ್ತಾನೆ, ಒಂದು ಹೆಣವೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡುವುದು ಮರುಳುಗಳು. ಅವು ಹಾದಿಗೆ ಅಡ್ಡ ನಿಂತು, ಭೂಮಿಯನ್ನೆಲ್ಲ ಆಳಿದವನನ್ನು ಗೇಲಿ ಮಾಡುತ್ತವೆ. ಮರುಳು ಎಂದರೆ ಪಿಶಾಚಿಯೂ ಹೌದು, ಹುಚ್ಚೂ ಹೌದು. ಆ ಬಯಲಿನಲ್ಲಿ ಯಾರು ಯಾವುದು ಎಂದು ಓದುಗನಿಗೇ ಗೊಂದಲ. ಸತ್ತವರ ಲೋಕ ನಮ್ಮ ಆಳಲ್ಲ, ಅದು ನಮ್ಮನ್ನು ನೋಡಿ ನಗುತ್ತದೆ. ರನ್ನನಿಗೆ ಗೊತ್ತಿದ್ದ ಈ ಗುಟ್ಟು ಆಟದ ಪುಸ್ತಕ ಬರೆದವರಿಗೆ ಸಿಕ್ಕಿಲ್ಲ.

ರನ್ನ ಕಲ್ಯಾಣ ಚಾಳುಕ್ಯರ ಆಸ್ಥಾನದವನು. ಅದೇ ಮನೆತನದ ಒಂದನೇ ಸೋಮೇಶ್ವರ, ಬಿರುದು ಆಹವಮಲ್ಲ, ನಮ್ಮ ತಾಲ್ಲೂಕಿನ ಕುರುವತ್ತಿಯಲ್ಲಿ 1068ರಲ್ಲಿ ತುಂಗಭದ್ರೆಗಿಳಿದು ಪ್ರಾಣ ಬಿಟ್ಟ. ವಾಸಿಯಾಗದ ಕಾಯಿಲೆ. ನಮ್ಮೂರ ಕಲ್ಲೇಶ್ವರ ಗುಡಿಯೂ ಅವನ ಕಾಲದ್ದೇ. ಆಟದ ನಿಯಮದಲ್ಲಾದರೆ ಐನೂರು ಚಿನ್ನದ ನಾಣ್ಯ ಬಾಳುವ ವಜ್ರ ಇಟ್ಟು, ಹತ್ತು ದಿನದೊಳಗೆ ‘ರೇಸ್ ಡೆಡ್’ ಹಾಕಿ ಎಬ್ಬಿಸಬಹುದು. ಚಾಳುಕ್ಯರ ಬೊಕ್ಕಸದಲ್ಲಿ ವಜ್ರಕ್ಕೇನು ಬರವೆ? ಹೆಣದ ವಿದ್ಯೆಯವರು ಎಂದು ಹೆಸರು ಹೊತ್ತ ಕಾಳಾಮುಖ ಶೈವರಿಗೂ ಆ ರಾಜ್ಯದಲ್ಲಿ ಬರವಿರಲಿಲ್ಲ.

ಬರೆಯಬೇಕೆಂದು ಕೂತದ್ದು ನಿಜವಾಗಿ ಇವರ ಬಗ್ಗೆಯೇ ಎಂದು ಈಗ ಅನ್ನಿಸುತ್ತಿದೆ. ರಾಮಾನುಜರ ‘ಶ್ರೀಭಾಷ್ಯ’ ಕಾಳಾಮುಖರ ಆಚಾರಗಳನ್ನು ಪಟ್ಟಿ ಮಾಡುತ್ತದೆ: ತಲೆಬುರುಡೆಯಲ್ಲಿ ಊಟ, ಹೆಣದ ಬೂದಿಯ ಸ್ನಾನ, ಅದೇ ಬೂದಿಯ ಸೇವನೆ, ಕೈಯಲ್ಲಿ ದೊಣ್ಣೆ, ಕಳ್ಳಿನ ಕೊಡದಲ್ಲಿ ದೇವರ ಪೂಜೆ. ನೆಕ್ರೋಮ್ಯಾನ್ಸರ್‌ನ ಚಿತ್ರ ಬರೆಯುವವನಿಗೆ ಇನ್ನೇನು ಬೇಕು? ಆದರೆ ಇದು ಎದುರು ಪಂಥದವರು ಬರೆದ ಪಟ್ಟಿ. ಕಾಳಾಮುಖರ ಮನೆಯ ಕಲ್ಲು ಏನನ್ನುತ್ತದೆ ನೋಡಿ. ಬಳ್ಳಿಗಾವಿಯ ಕೋಡಿಯಮಠ ಅವರ ದೊಡ್ಡ ಕೇಂದ್ರ. ಅಲ್ಲಿನ 1162ರ ಶಾಸನ ಹೇಳುವಂತೆ ಆ ಮಠದಲ್ಲಿ ನಾಲ್ಕು ವೇದದ ಓದು, ಬೇರೆ ಬೇರೆ ವ್ಯಾಕರಣಗಳ ಪಾಠ, ದರ್ಶನ, ಯೋಗ, ಪುರಾಣ, ಕಾವ್ಯ, ನಾಟಕ. ಬಡವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡಿ ಕುಣಿದು ಹೊಟ್ಟೆ ಹೊರೆಯುವವರಿಗೆ ಅನ್ನ. ರೋಗಿಗಳಿಗೆ ಔಷಧ. ಜೀವಕ್ಕೆ ಅಂಜಿ ಬಂದವರಿಗೆ ಅಭಯ. ಬುರುಡೆ ಎಲ್ಲೂ ಇಲ್ಲ. ಡೇವಿಡ್ ಲೊರೆಂಝೆನ್ 1972ರಲ್ಲಿ ಬುರುಡೆ ಹಿಡಿಯುವ ಕಾಪಾಲಿಕರು ಮತ್ತು ಕಾಳಾಮುಖರ ಬಗ್ಗೆ ಬರೆದ ಪುಸ್ತಕ ಇಂಥ ಶಾಸನಗಳನ್ನೆಲ್ಲ ಸೋಸಿ ಇವರಿಬ್ಬರೂ ಬೇರೆ ಬೇರೆ ಎಂದು ತೋರಿಸಿತು. ಆಸಕ್ತರು ಹುಡುಕಿ ಓದಿ.

ಔಷಧ ಎಂದೆನಲ್ಲ, ಈಗ ಮತ್ತೆ ಆಟದ ಪುಸ್ತಕಕ್ಕೆ ಬನ್ನಿ. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನಲ್ಲಿ ಗಾಯ ಮಾಯಿಸುವ ‘ಕ್ಯೂರ್ ಲೈಟ್ ವೂಂಡ್ಸ್’ ಯಾವ ಶಾಖೆಯ ಮಂತ್ರ? ನೆಕ್ರೋಮ್ಯಾನ್ಸಿ! 1989ರ ಆವೃತ್ತಿಯಲ್ಲೂ ಅದೇ. ಕೊಲ್ಲುವ ಮಂತ್ರ, ಗುಣ ಮಾಡುವ ಮಂತ್ರ ಎರಡೂ ಒಂದೇ ಸೂರಿನಡಿ ಇದ್ದವು, ಏಕೆಂದರೆ ಎರಡೂ ಮುಟ್ಟುವುದು ಪ್ರಾಣವನ್ನೇ. 2000ದಲ್ಲಿ ಮೂರನೇ ಆವೃತ್ತಿ ಬಂದು ಮನೆ ಪಾಲಾಯಿತು. ಗುಣ ಮಾಡುವ ಮಂತ್ರವನ್ನು ಕಂಜುರೇಶನ್ ಶಾಖೆಗೆ ದತ್ತು ಕೊಟ್ಟರು, 2014ರಲ್ಲಿ ಎವೊಕೇಶನ್‌ಗೆ, 2024ರಲ್ಲಿ ಆ್ಯಬ್ಜುರೇಶನ್‌ಗೆ. ತಾಯಿ ಬಿಟ್ಟ ಕೂಸು ಮನೆಮನೆ ತಿರುಗಿದಂತೆ. ಪಾಪದ ನೆಕ್ರೋಮ್ಯಾನ್ಸರ್ ಪಾಲಿಗೆ ಉಳಿದದ್ದು ಎಲುಬು ಮಾತ್ರ. ಕಾಳಾಮುಖರಿಗೆ ಆದದ್ದೂ ಅದೇ: ಔಷಧವನ್ನು ಜನ ಮರೆತರು, ಬುರುಡೆಯನ್ನು ನೆನಪಿಟ್ಟುಕೊಂಡರು.

ಅದಕ್ಕೇ ನಮ್ಮ ಮೇಜಿನಲ್ಲಿ ನಾನೊಂದು ತಿದ್ದುಪಡಿ ಮಾಡಿದ್ದೇನೆ. ನಮ್ಮಲ್ಲಿ ನೆಕ್ರೋಮ್ಯಾನ್ಸರ್ ಇಲ್ಲ, ಕಾಳಾಮುಖ ಇದ್ದಾನೆ. ಗಾಯ ಮಾಯಿಸುತ್ತಾನೆ, ಸಾಯುತ್ತಿರುವವನ ಪ್ರಾಣ ಹಿಡಿದು ನಿಲ್ಲಿಸುತ್ತಾನೆ, ಹೆಣಕ್ಕೆ ಐದು ಪ್ರಶ್ನೆ ಕೇಳುತ್ತಾನೆ. ಬಯಲಾಟದಲ್ಲಿ ಒಳಬಂದ ಪಾತ್ರವನ್ನು ಸಾರಥಿ ನೀನ್ಯಾರು, ಎಲ್ಲಿಂದ ಬಂದೆ ಎಂದು ವಿಚಾರಿಸುತ್ತಾನಲ್ಲ, ಆಟ ನಡೆಸುವ ನಮ್ಮ ಡಂಜನ್ ಮಾಸ್ಟರನ್ನೂ ಹುಡುಗರು ಸಾರಥಿ ಎಂದೇ ಕರೆಯುತ್ತಾರೆ. ಹೆಣ ಬಾಯಿ ಬಿಡುವ ಮುನ್ನ ಸಾರಥಿಯಾದ ನಾನು “ಸದ್ದಲೇ” ಎಂದು ಕೂಗುತ್ತೇನೆ. ಮೈಲಾರದ ಜಾತ್ರೆ ಕಂಡವರಿಗೆ ಈ ಕೂಗು ಗೊತ್ತು. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ಹಾಗೆಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ಆಮೇಲೆ ಬೀಳುವುದು ಒಂದೇ ಸಾಲಿನ ಕಾರಣಿಕ. ಮಳೆಗೆ ಅಂದದ್ದೋ, ರಾಜಕೀಯಕ್ಕೆ ಅಂದದ್ದೋ ಎಂದು ಮುಂದಿನ ಭರತ ಹುಣ್ಣಿಮೆಯವರೆಗೂ ಕಟ್ಟೆಯ ಮೇಲೆ ಚರ್ಚೆ. ಹೆಣದ ಉತ್ತರ ಆ ಅಳತೆಯದ್ದಿರಬೇಕು.

ಅಳಿಯ ಮುನಿಸಿನಲ್ಲೇ ಒಪ್ಪಿದ. ಬಾವಿಕಟ್ಟೆಯಲ್ಲಿ ಬಿದ್ದಿದ್ದ ಕಾವಲುಗಾರನ ಹೆಣಕ್ಕೆ ನಾಲ್ಕು ಪ್ರಶ್ನೆಯನ್ನೂ ನಿಧಿಯ ಮೇಲೇ ಖರ್ಚು ಮಾಡಿದ. “ನಿನ್ನ ಕೊಂದವರಾರು?” ಎಂದು ಕೇಳಲು ಉಳಿದದ್ದು ಒಂದೇ. ನಾನು ಕೊಟ್ಟ ಉತ್ತರ: “ಬಾಗಿಲು ತೆಗೆದವನು.” ಬಾಗಿಲು ತೆಗೆದವನು ಯಾರೆಂದು ಆರು ಜನ ಒಂದು ತಾಸು ಕಚ್ಚಾಡಿದರು. ಅಷ್ಟು ಹೊತ್ತೂ ಯಾರೂ ದಾಳ ಮುಟ್ಟಲಿಲ್ಲ.

ಬರುವ ಭಾನುವಾರ ಮಧ್ಯಾಹ್ನ ಮೂರಕ್ಕೆ ಮತ್ತೆ ಕೂರುತ್ತೇವೆ, ಎರಡು ಜಾಗ ಖಾಲಿ ಇವೆ. ದಾಳ ನೀವೇ ತನ್ನಿ. ಎಲುಬುಗೂಡು ಇದ್ದರೆ ಊರ ಹೊರಗೇ ಬಿಟ್ಟು ಬನ್ನಿ.