ಕಾರ್ಬನ್ ಸಾಲ: ಲೆಕ್ಕ ಎಲ್ಲಿ ನಿಂತಿತು?

ಕಾಡು ಕಡಿದು ಜೈವಿಕ ಇಂಧನದ ಬೆಳೆ ತೆಗೆದರೆ ವಾಯುಮಂಡಲಕ್ಕೆ ಲಾಭವೇ, ನಷ್ಟವೇ? 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಜೋಸೆಫ್ ಫಾರ್ಜಿಯೋನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಬಂಧ ಇದಕ್ಕೊಂದು ಸರಳ ಅಳತೆಗೋಲು ಕೊಟ್ಟಿತು. ನೆಲ ಮಾರ್ಪಡಿಸಿದಾಗ ಹೊರಬೀಳುವ ಕಾರ್ಬನ್ ಡೈಆಕ್ಸೈಡ್ ‘ಸಾಲ’. ಪೆಟ್ರೋಲಿಯಂ ಬದಲು ಆ ಇಂಧನ ಬಳಸಿದ್ದರಿಂದ ವರ್ಷವರ್ಷ ಆಗುವ ಉಳಿತಾಯವೇ ಕಂತು. ಬ್ರೆಜಿಲ್‌ನ ಸೆರಾಡೊ ಕುರುಚಲು ಕಾಡು ಕಬ್ಬಿನ ಗದ್ದೆಯಾದರೆ ಸಾಲ ತೀರಲು ಸುಮಾರು 17 ವರ್ಷ ಬೇಕು. ಇಂಡೊನೇಷ್ಯಾ, ಮಲೇಷ್ಯಾಗಳ ತಗ್ಗುನೆಲದ ಮಳೆಕಾಡು ಎಣ್ಣೆತಾಳೆ ತೋಟವಾದರೆ 86. ಅಲ್ಲಿನ ಪೀಟ್ ಜೌಗುಕಾಡಾದರೆ 423.

ಹೋಲಿಕೆ ಕಣ್ತೆರೆಸುವಂಥದು. ಆದರೆ ಅಂಕಿಗಳಿಗೇ ನಿಲ್ಲಬೇಡಿ. ಸಾಲವನ್ನು ಎಣಿಸಿರುವುದು ಮೊದಲ 50 ವರ್ಷಗಳಿಗೆ ಮಾತ್ರ. ಪೀಟ್ ಎಂದರೆ ನೀರಿನಡಿ ಪೂರ್ತಿ ಕೊಳೆಯದೆ ಉಳಿದ ಸಸ್ಯರಾಶಿ. ನೀರು ಬಸಿದೊಡನೆ ಅದಕ್ಕೆ ಗಾಳಿ ತಾಗಿ, ಕೊಳೆಯುವಿಕೆ ದಶಕಗಟ್ಟಲೆ ಸಾಗುತ್ತದೆ. 3 ಮೀಟರ್ ಆಳದ ಪೀಟ್ ಸುಮಾರು 120 ವರ್ಷ ಅನಿಲ ಬಿಡಬಲ್ಲದು; ಅದೆಲ್ಲ ಸೇರಿದರೆ ಅವಧಿ 840 ವರ್ಷ ದಾಟುತ್ತದೆ. ಲೇಖಕರೇ ಇದನ್ನು ಹೇಳಿದ್ದಾರೆ, ಆದರೆ ಹೋಲಿಕೆಯ ಮುಖ್ಯ ಚಿತ್ರದಲ್ಲಿರುವುದು 423. ಪ್ರಬಂಧದ ಕೊರತೆ ಇದೇ. ನೆಲಬಳಕೆಯ ಯಾವ ಹೋಲಿಕೆಯನ್ನೇ ಓದಿ, ಮೊದಲು ಕೇಳಿ: ಲೆಕ್ಕ ಎಷ್ಟನೇ ವರ್ಷಕ್ಕೆ ನಿಂತಿದೆ?