ಬಟ್ಟಲಿನ ತಳ ನೋಡಿ ಕೊಳ್ಳಿ

ನ್ಯೂಯಾರ್ಕಿನ ಗ್ರೀನಿಚ್ ಹೌಸ್ 1902ರಲ್ಲಿ ವಲಸಿಗರ ನೆರವಿಗೆಂದು ಹುಟ್ಟಿದ ಸಂಸ್ಥೆ. ಅದರ ಕುಂಬಾರಿಕೆ ಶಾಲೆ 1948ರಿಂದ ಜೋನ್ಸ್ ಬೀದಿಯಲ್ಲಿದೆ. ಇಂಥ ಸಮುದಾಯ ಶಾಲೆಗಳು ಹಬ್ಬದ ದಿನಗಳಲ್ಲಿ ನಡೆಸುವ ಮಾರಾಟದಲ್ಲಿ ಕಲಿಯುವವರ ಬಟ್ಟಲು, ನುರಿತವರ ಹೂಜಿ ಅಕ್ಕಪಕ್ಕದಲ್ಲೇ ಕೂರುತ್ತವೆ. ಕೊಳ್ಳುವವರು ಬಣ್ಣಕ್ಕೆ ಮರುಳಾಗುವುದೇ ಹೆಚ್ಚು, ನೋಡಬೇಕಾದ್ದು ತಳ. ತಿಗರಿಯಿಂದ ಇಳಿಸಿದ ಪಾತ್ರೆ ಅರೆ ಒಣಗಿದಾಗ ತಳವನ್ನು ಹೆರೆದು ಪಾದ ತೀಡುತ್ತಾರೆ. ಹೊಸಬರು ಅಲ್ಲಿ ಮಣ್ಣು ಉಳಿಸಿಬಿಡುವುದರಿಂದ ಬಟ್ಟಲು ಕೈಗೆತ್ತಿಕೊಂಡರೆ ಕಣ್ಣಳತೆಗಿಂತ ಭಾರ. ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆ, ಗ್ಲೇಜ್ ಬಳಿದು 1,200ರ ಮೇಲೆ ಇನ್ನೊಮ್ಮೆ ಸುಟ್ಟು ಹೊರತೆಗೆಯುವಷ್ಟರಲ್ಲಿ ಮಣ್ಣು ನೂರಕ್ಕೆ ಹತ್ತು ಹನ್ನೆರಡು ಪಾಲು ಕುಗ್ಗಿರುತ್ತದೆ. ಹಾಗಾಗಿ ಮುಚ್ಚಳ ಸರಿಯಾಗಿ ಕೂರುವ ಟೀಪಾಟ್ ಸಿಕ್ಕರೆ (ಸೋರದಿದ್ದರೆ ಇನ್ನೂ ಮೇಲು) ಚೌಕಾಸಿ ಮಾಡದೆ ಎತ್ತಿಕೊಳ್ಳಬಹುದು. ಬಂದ ಹಣದಲ್ಲಿ ಒಂದು ಪಾಲು ಶಾಲೆಗೆ, ಉಳಿದದ್ದು ಮಾಡಿದವರಿಗೆ ಸೇರುವುದು ಇಂಥ ಮಾರಾಟಗಳಲ್ಲಿ ಸಾಮಾನ್ಯ.